ಗಾಡಿ ಹೊಗೆ ತಡೆಯೋ ಸಾಮಾನು ಕಂಪನಿಯವರೇ ಹಾಕಿ ಕೊಟ್ಟಿದ್ದಾರೆ, ಅದು ಹಾಳಾಗದ ಹಾಗೆ ನೋಡ್ಕೊಳ್ಳೋದು ಹೇಗೆ

ಪೆಟ್ರೋಲ್ ಬಂಕಲ್ಲಿ ಫುಲ್ ಟ್ಯಾಂಕ್ ಹೇಳಿರ್ತೀರಿ, ಗನ್ ಟಕ್ ಅಂತ ತಾನೇ ಆಫ್ ಆಗತ್ತೆ, ಆಮೇಲೆ ಹಾಕೋ ಹುಡುಗ "ಸಾರ್ ರೌಂಡ್ ಫಿಗರ್ ಮಾಡ್ಲಾ" ಅಂತಾನೆ, ನೀವು ಹೂಂ ಅಂತೀರಿ. ಇನ್ಮೇಲೆ ಬೇಡ ಅನ್ನಿ. ಟ್ಯಾಂಕಿಂದ ಏಳೋ ಪೆಟ್ರೋಲ್ ಆವಿ ಹೊರಗಿನ ಗಾಳಿಗೆ ಸೇರದೇ ಇರ್ಲಿ ಅಂತ ಗಾಡಿಯಲ್ಲಿ ಒಂದು ಡಬ್ಬಿ ಇರತ್ತೆ, ಕ್ಯಾನಿಸ್ಟರ್ ಅಂತಾರೆ, ಒಳಗೆ ತುಂಬಿರೋದು ಇದ್ದಿಲು. ಗಾಡಿ ನಿಂತಿರುವಾಗ ಆ ಇದ್ದಿಲು ಆವಿ ಹೀರ್ಕೊಂಡು ಇಟ್ಕೊಳ್ಳತ್ತೆ, ಓಡುವಾಗ ಇಂಜಿನ್ ಅದನ್ನ ಎಳ್ಕೊಂಡು ಸುಡತ್ತೆ. ಗನ್ ಆಫ್ ಆದ್ಮೇಲೂ ಒತ್ತಿ ಒತ್ತಿ ತುಂಬಿಸಿದ್ರೆ ಆವಿ ಹೋಗೋ ಪೈಪಲ್ಲಿ ಪೆಟ್ರೋಲೇ ಹರಿದು ಆ ಡಬ್ಬಿಗೆ ಹೋಗತ್ತೆ, ಇದ್ದಿಲು ನೆಂದ್ರೆ ಡಬ್ಬಿ ಕಥೆ ಮುಗೀತು. ಬಿಎಸ್-6, ಅಂದ್ರೆ 2020ರಲ್ಲಿ ಬಂದ ಹೊಗೆ ನಿಯಮದ ಸ್ಕೂಟರು ಬೈಕುಗಳಲ್ಲೂ ಇದೇ ಡಬ್ಬಿ ಇದೆ, ಹಾಗಾಗಿ ಟ್ಯಾಂಕ್ ಬಾಯಿವರೆಗೂ ತುಂಬಿಸೋ ಅಭ್ಯಾಸ ಅಲ್ಲೂ ಬಿಡಬೇಕು.

ಇದನ್ನೇ ಮೊದಲು ಹೇಳಿದ್ದು ಯಾಕೆ ಅಂದ್ರೆ, ಹೊಗೆ ಕಡಿಮೆ ಮಾಡೋ ಒಳ್ಳೊಳ್ಳೆ ಉಪಕರಣಗಳು ನಮ್ಮ ಗಾಡಿಯಲ್ಲಿ ಈಗಾಗಲೇ ಇವೆ, ಅದಕ್ಕೆ ದುಡ್ಡೂ ಕೊಟ್ಟಾಗಿದೆ, ಆದ್ರೆ ಬೆಂಗಳೂರಲ್ಲಿ ನಾವು ಗಾಡಿ ಓಡಿಸೋ ರೀತಿ ಇದೆಯಲ್ಲ, ಎರಡು ಕಿಲೋಮೀಟರ್ ಹೋಗಿ ಆಫ್ ಮಾಡೋದು, ಜಾಮಲ್ಲಿ ಗಂಟೆಗಟ್ಟಲೆ ತೆವಳೋದು, ಹಂಪ್ ಮೇಲೆ ತಳ ಉಜ್ಜೋದು, ಅದೆಲ್ಲ ಸೇರಿ ಇವನ್ನ ಒಂದೊಂದಾಗಿ ಕೆಡಿಸತ್ತೆ. ಕೆಟ್ಟಿದ್ದೂ ನಮಗೆ ಗೊತ್ತಾಗಲ್ಲ, ಗಾಡಿ ಓಡ್ತಾನೇ ಇರತ್ತೆ, ಹೊಗೆ ಮಾತ್ರ ಸಿಲ್ಕ್ ಬೋರ್ಡ್ ಜಂಕ್ಷನ್ನಲ್ಲಿ ದಿನವಿಡೀ ನಿಂತಿರೋ ಟ್ರಾಫಿಕ್ ಪೊಲೀಸಿನವರ ಮೂಗಿಗೆ, ಅಪ್ಪನ ಸ್ಕೂಟರ್ ಮುಂದೆ ನಿಂತ್ಕೊಂಡು ಸ್ಕೂಲಿಗೆ ಹೋಗೋ ಮಗುವಿನ ಮೂಗಿಗೆ ಹೋಗತ್ತೆ. ಹಾಗಾಗಿ ಯಾವ ಭಾಗ ಏನು ಮಾಡತ್ತೆ, ಅದಕ್ಕೆ ಏನು ಆಗಬಾರದು, ನಾವೇ ಹೇಗೆ ಚೆಕ್ ಮಾಡೋದು ಅಂತ ಬರೀತೀನಿ.

ದೊಡ್ಡದು ಕ್ಯಾಟಲಿಟಿಕ್ ಕನ್ವರ್ಟರ್, ಹೊಗೆಯಲ್ಲಿರೋ ವಿಷ ಕಮ್ಮಿ ಮಾಡೋ ಡಬ್ಬಿ, ಮೆಕ್ಯಾನಿಕ್‌ಗಳ ಬಾಯಲ್ಲಿ "ಕ್ಯಾಟ್‌ಕಾನ್". ಇದರ ಹಿಂದಿನ ಕಥೆ ಸ್ವಲ್ಪ ತಿಳ್ಕೊಂಡ್ರೆ ಇದು ಯಾಕೆ ಇಷ್ಟು ಸೂಕ್ಷ್ಮ ಅಂತ ಅರ್ಥ ಆಗತ್ತೆ. ಲಾಸ್ ಏಂಜಲೀಸ್‌ನಲ್ಲಿ ಕಣ್ಣು ಉರಿಸೋ ಹೊಗೆಮಂಜು ಎಲ್ಲಿಂದ ಬರತ್ತೆ ಅಂತ ತಲೆ ಕೆಡಿಸ್ಕೊಂಡಿದ್ದಾಗ, 1950ರ ದಶಕದ ಶುರುವಲ್ಲಿ ಕ್ಯಾಲ್‌ಟೆಕ್‌ನ ಆರಿ ಹಾಗೆನ್-ಸ್ಮಿಟ್ ಅನ್ನೋ ವಿಜ್ಞಾನಿ, ವಾಹನಗಳಿಂದ ಮತ್ತೆ ಎಣ್ಣೆ ಸಂಸ್ಕರಣಾ ಘಟಕಗಳಿಂದ ಬರೋ ಹೈಡ್ರೋಕಾರ್ಬನ್ನು (ಉರಿಯದ ಇಂಧನದ ಆವಿ), ನೈಟ್ರೋಜನ್ ಆಕ್ಸೈಡು ಬಿಸಿಲಿಗೆ ಸೇರಿ ಓಜೋನ್ ಆಗತ್ತೆ ಅಂತ ತೋರಿಸಿದ್ರು. ಆ ಹೊತ್ತಿಗೆ ಅಮೆರಿಕಕ್ಕೆ ಬಂದು ನೆಲೆಸಿದ್ದ ಫ್ರೆಂಚ್ ಎಂಜಿನಿಯರ್ ಯೂಜೀನ್ ಹೂಡ್ರಿ ಹೊಗೆ ಶುದ್ಧ ಮಾಡೋ ಕನ್ವರ್ಟರ್ ಮಾಡಿದ್ರು, 1956ರಲ್ಲಿ ಪೇಟೆಂಟೂ ಸಿಕ್ತು, ಆದ್ರೆ ಕಾರುಗಳಿಗೆ ಹಾಕೋಕೆ ಆಗಲಿಲ್ಲ, ಯಾಕಂದ್ರೆ ಆಗಿನ ಪೆಟ್ರೋಲಲ್ಲಿ ಸೀಸ ಇರ್ತಿತ್ತು, ಸೀಸ ಹೋಗಿ ಕೂತ್ರೆ ಕ್ಯಾಟಲಿಸ್ಟ್, ಅಂದ್ರೆ ಒಳಗೆ ವಿಷವನ್ನ ಬದಲಾಯಿಸೋ ಲೇಪ, ಸತ್ತ ಹಾಗೇ. ಆಮೇಲೆ ಅಮೆರಿಕದಲ್ಲಿ 1970ರ ಕ್ಲೀನ್ ಏರ್ ಆಕ್ಟ್ ಬಂದು ಕಾರ್ ಕಂಪನಿಗಳಿಗೆ ಬೇರೆ ದಾರಿ ಇಲ್ಲದ ಹಾಗೆ ಆಯ್ತು. ಕಾರ್ನಿಂಗ್ ಕಂಪನಿಯ ಬ್ಯಾಗ್ಲಿ, ಲ್ಯಾಕ್‌ಮನ್, ಲೂಯಿಸ್ ಅನ್ನೋ ಮೂವರು ಜೇನುಗೂಡಿನ ಥರ ಸಣ್ಣ ಸಣ್ಣ ತೂತಿರೋ ಸೆರಾಮಿಕ್ ಇಟ್ಟಿಗೆ ಮಾಡಿದ್ರು, ಎಂಗಲ್‌ಹಾರ್ಡ್ ಕಂಪನಿಯ ಕಾರ್ಲ್ ಕೀತ್ ಮತ್ತೆ ಜಾನ್ ಮೂನಿ ಅವರ ತಂಡ ಕಾರ್ಬನ್ ಮಾನಾಕ್ಸೈಡು, ಹೈಡ್ರೋಕಾರ್ಬನ್ನು, ನೈಟ್ರೋಜನ್ ಆಕ್ಸೈಡು ಮೂರೂ ವಿಷವನ್ನ ಒಂದೇ ಡಬ್ಬಿಯಲ್ಲಿ ತೆಗೆಯೋ ಥ್ರೀ-ವೇ ಕ್ಯಾಟಲಿಸ್ಟ್ ಮಾಡ್ತು. ನಮ್ಮಲ್ಲಿ 1995ರ ಏಪ್ರಿಲಲ್ಲಿ ದೆಹಲಿ, ಮುಂಬೈ, ಕಲ್ಕತ್ತಾ, ಮದ್ರಾಸ್ ನಾಲ್ಕು ಊರಲ್ಲಿ ಹೊಸ ಪೆಟ್ರೋಲ್ ಕಾರಿಗೆ ಕನ್ವರ್ಟರ್ ಕಡ್ಡಾಯ ಆಯ್ತು, ಸೀಸದ ಪೆಟ್ರೋಲು ದೇಶದಿಂದಲೇ ಹೋಗಿದ್ದು 2000ದಲ್ಲಿ.

ಈಗ ನಿಮ್ಮ ಕಾರಿನ ಕೆಳಗಿರೋ ಆ ಡಬ್ಬಿಯೊಳಗೆ ಏನಿದೆ ಅಂದ್ರೆ, ಒಂದು ಚದರ ಇಂಚಿಗೆ ಸುಮಾರು 400 ತೂತಿರೋ ಸೆರಾಮಿಕ್ ಇಟ್ಟಿಗೆ, ಅದರ ಗೋಡೆ ಮೇಲೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಲೇಪ. ಇದು ಕಾರ್ಬನ್ ಮಾನಾಕ್ಸೈಡನ್ನ ಕಾರ್ಬನ್ ಡೈಆಕ್ಸೈಡ್ ಮಾಡತ್ತೆ, ಉರಿಯದೇ ಉಳಿದ ಪೆಟ್ರೋಲನ್ನ ನೀರಾವಿ ಮತ್ತೆ ಕಾರ್ಬನ್ ಡೈಆಕ್ಸೈಡ್ ಮಾಡತ್ತೆ, ನೈಟ್ರೋಜನ್ ಆಕ್ಸೈಡನ್ನ ಬರೀ ನೈಟ್ರೋಜನ್ ಮಾಡತ್ತೆ. ಚೆನ್ನಾಗಿ ಬಿಸಿಯಾಗಿದ್ರೆ ಶೇಕಡಾ 90ಕ್ಕಿಂತ ಹೆಚ್ಚು ವಿಷ ಇಲ್ಲೇ ಮುಗಿಯತ್ತೆ. ಆದ್ರೆ ಸುಮಾರು 250ರಿಂದ 300 ಡಿಗ್ರಿ ಬಿಸಿ ಆಗೋವರೆಗೂ ಇದು ಕೆಲಸ ಶುರು ಮಾಡಲ್ಲ. ಮನೆಯಿಂದ ಜಯನಗರ ಫೋರ್ತ್ ಬ್ಲಾಕಿಗೆ ತರಕಾರಿಗೆ ಕಾರು ತೆಗೆದ್ರೆ ದಾರಿಯ ಒಳ್ಳೇ ಭಾಗ ಶುದ್ಧ ಆಗದ ಹೊಗೆಯನ್ನೇ ಬಿಟ್ಕೊಂಡು ಹೋಗಿರ್ತೀವಿ. ಅಂಥ ಸಣ್ಣ ಕೆಲಸಗಳನ್ನ ಒಟ್ಟಿಗೆ ಒಂದೇ ಸಲ ಮುಗಿಸಿ, ಇಲ್ಲಾ ನಡ್ಕೊಂಡು ಹೋಗಿ. ಬೆಳಿಗ್ಗೆ ಸ್ಟಾರ್ಟ್ ಮಾಡಿ ಗೇಟಲ್ಲಿ ಐದು ನಿಮಿಷ ನಿಲ್ಲಿಸೋದು ಬೇಡ, ಫ್ಯೂಯಲ್ ಇಂಜೆಕ್ಷನ್ ಗಾಡಿಗೆ ಅದು ಬೇಕಾಗಿಲ್ಲ, ಮೆಲ್ಲಗೆ ಓಡಿಸ್ಕೊಂಡು ಹೋದ್ರೆ ಕ್ಯಾಟ್‌ಕಾನ್ ಬೇಗ ಬಿಸಿ ಆಗತ್ತೆ. ಸಿಗ್ನಲಲ್ಲಿ ಆಫ್ ಮಾಡಿದ್ರೆ ಅದು ತಣ್ಣಗಾಗಲ್ವಾ ಅಂತ ಕೇಳ್ತಾರೆ, ಒಂದೆರಡು ನಿಮಿಷಕ್ಕೆಲ್ಲ ಆಗಲ್ಲ, ಧೈರ್ಯವಾಗಿ ಆಫ್ ಮಾಡಿ.

ಕ್ಯಾಟ್‌ಕಾನ್‌ನ ಕೊಲ್ಲೋದು ಮುಖ್ಯವಾಗಿ ಮಿಸ್‌ಫೈರು. ಸ್ಪಾರ್ಕ್ ಪ್ಲಗ್ಗೋ ಕಾಯಿಲ್ಲೋ ವೀಕ್ ಆಗಿ ಒಂದು ಸಿಲಿಂಡರ್ ಹೊಡೀದೇ ಇದ್ರೆ ಅಲ್ಲಿನ ಪೆಟ್ರೋಲು ಹಸಿಯಾಗೇ ಬಂದು ಕನ್ವರ್ಟರಲ್ಲಿ ಉರಿಯತ್ತೆ, ಬಿಸಿ ಸಾವಿರ ಡಿಗ್ರಿ ದಾಟಿ ಇಟ್ಟಿಗೆ ಕರಗಿ ಗಟ್ಟಿ ಮುದ್ದೆ ಆಗಿಬಿಡತ್ತೆ. ಚೆಕ್ ಇಂಜಿನ್ ಲೈಟ್ ಸುಮ್ನೆ ಉರೀತಾ ಇದ್ರೆ ಒಂದೆರಡು ದಿನದಲ್ಲಿ ತೋರಿಸಿ, ಆದ್ರೆ ಮಿಣುಕ್ ಮಿಣುಕ್ ಅಂತಿದ್ರೆ ಅದು ಮಿಸ್‌ಫೈರ್, ಸೈಡಿಗೆ ಹಾಕಿ ನಿಲ್ಲಿಸಿ, ಆಫೀಸ್ ಹತ್ರಾನೇ ಇದೆ ಅಂತ ಓಡಿಸ್ಕೊಂಡು ಹೋಗ್ಬೇಡಿ. ಸ್ಟಾರ್ಟ್ ಆಗದ ಪೆಟ್ರೋಲ್ ಕಾರನ್ನ ತಳ್ಳಿ ತಳ್ಳಿ ಸ್ಟಾರ್ಟ್ ಮಾಡೋದೂ ಇದೇ ಕಾರಣಕ್ಕೆ ಒಳ್ಳೇದಲ್ಲ. ಇಂಜಿನ್ ಆಯಿಲ್ ಸುಡ್ತಾ ನೀಲಿ ಹೊಗೆ ಬರ್ತಿದ್ರೆ ಆ ಆಯಿಲಿನ ಬೂದಿ ಹೋಗಿ ಲೇಪದ ಮೇಲೆ ಕೂರತ್ತೆ, ಪಿಸ್ಟನ್ ರಿಂಗೋ ವಾಲ್ವ್ ಸೀಲೋ ನೋಡಿಸಿ, ಆಯಿಲ್ ಟಾಪಪ್ ಮಾಡ್ಕೊಂಡೇ ವರ್ಷಗಟ್ಟಲೆ ತಳ್ಳೋದು ಬೇಡ. ಇನ್ನು ಮಳೆಗಾಲದಲ್ಲಿ ಅಂಡರ್‌ಪಾಸ್ ನೀರಿಗೆ ನುಗ್ಗಿಸೋದು, ಕಾದಿರೋ ಸೆರಾಮಿಕ್‌ಗೆ ತಣ್ಣೀರು ಬಿದ್ರೆ ಬಿರುಕು ಬಿಡಬಹುದು. ಲೇಔಟ್ ಒಳಗಿನ ಹಂಪ್‌ಗಳಂತೂ ಒಂದೊಂದು ಒಂದೊಂದು ಎತ್ತರ, ತಳ ಬಡಿದ ಮೇಲೆ ಕೆಳಗಿಂದ ಗಲಗಲ ಶಬ್ದ ಬಂದ್ರೆ ಒಳಗಿನ ಇಟ್ಟಿಗೆ ಒಡೆದಿರ್ಬಹುದು. ಒಣ ಎಲೆ ರಾಶಿ ಮೇಲೆ ಪಾರ್ಕ್ ಮಾಡ್ಬೇಡಿ, ಕೆಳಗಿರೋ ಬಿಸಿಗೆ ಬೆಂಕಿ ಹತ್ಕೊಳ್ಳತ್ತೆ.

ಕ್ಯಾಟ್‌ಕಾನ್ ಸರಿಯಾಗಿ ಕೆಲಸ ಮಾಡ್ಬೇಕು ಅಂದ್ರೆ ಗಾಳಿ ಪೆಟ್ರೋಲಿನ ಲೆಕ್ಕ ಸರಿ ಇರ್ಬೇಕು, ಎಥನಾಲ್ ಬೆರೆಸದ ಪೆಟ್ರೋಲಾದ್ರೆ ಒಂದು ಕೆಜಿಗೆ ಸುಮಾರು 14.7 ಕೆಜಿ ಗಾಳಿ. ಇದನ್ನ ಕಾಯೋದು ಆಕ್ಸಿಜನ್ ಸೆನ್ಸರು, ಬಾಶ್ ಕಂಪನಿ 1976ರಲ್ಲಿ ಉತ್ಪಾದನೆಗೆ ತಂದಿದ್ದು, ಮೊದಲು ಹಾಕಿದ್ದು ವೋಲ್ವೋ ಕಾರಿಗೆ. ನನ್ನ ಪ್ರಕಾರ ಇಡೀ ಕಥೆಯಲ್ಲಿ ತುಂಬಾ ಮೆಚ್ಚಬೇಕಾದ ಭಾಗ ಇದು, ಬೆರಳು ಗಾತ್ರದ ಒಂದು ಸೆನ್ಸರ್ ಇಲ್ದಿದ್ರೆ ಥ್ರೀ-ವೇ ಕ್ಯಾಟಲಿಸ್ಟೇ ದಂಡ. ಇದನ್ನ ಮನೆಯಲ್ಲೇ ಪರೀಕ್ಷೆ ಮಾಡಬಹುದು. ಎಸ್‌ಪಿ ರೋಡಲ್ಲೋ ಆನ್‌ಲೈನಲ್ಲೋ ಗಾಡಿಯ ಕಂಪ್ಯೂಟರಿನ ಮಾಹಿತಿ ಓದೋ ಒಂದು ಬ್ಲೂಟೂತ್ ಒಬಿಡಿ ಸ್ಕ್ಯಾನರ್ ತಗೊಳ್ಳಿ, ಸ್ಟಿಯರಿಂಗ್ ಕೆಳಗಿನ ಸಾಕೆಟ್‌ಗೆ ಹಾಕಿ, ಫೋನಲ್ಲಿ ಆಪ್ ಓಪನ್ ಮಾಡಿ, ಗಾಡಿ ಚೆನ್ನಾಗಿ ಬಿಸಿ ಆದ್ಮೇಲೆ ಲೈವ್ ಡೇಟಾ ನೋಡಿ. ಕನ್ವರ್ಟರ್‌ಗಿಂತ ಮುಂದೆ ಇರೋ ಸೆನ್ಸರಿನ ವೋಲ್ಟೇಜ್ 0.1ರಿಂದ 0.9 ಮಧ್ಯೆ ಮೇಲೆ ಕೆಳಗೆ ಕುಣೀತಾ ಇರ್ಬೇಕು, ಹಿಂದಿನ ಸೆನ್ಸರ್ ಸುಮಾರು 0.6, 0.7ರ ಹತ್ರ ಹೆಚ್ಚುಕಮ್ಮಿ ಅಲ್ಲಾಡದೇ ನಿಂತಿರ್ಬೇಕು. ಹಿಂದಿನದೂ ಮುಂದಿನದರ ಹಾಗೇ ಕುಣೀತಾ ಇದ್ರೆ ಕನ್ವರ್ಟರ್ ಕೆಲಸ ಮಾಡ್ತಿಲ್ಲ. ಹೊಸ ಗಾಡಿ ಕೆಲವದರಲ್ಲಿ ಮುಂದಿನ ಸೆನ್ಸರ್ ಬೇರೆ ಥರದ್ದು, ವೈಡ್‌ಬ್ಯಾಂಡ್, ಅದರ ನಂಬರ್ ಹೀಗೆ ಕುಣಿಯಲ್ಲ, ಅಲ್ಲಿ ಹಿಂದಿನದನ್ನ ಮಾತ್ರ ನೋಡಿದ್ರೆ ಸಾಕು.

ಸ್ಕ್ಯಾನರಲ್ಲಿ ಪಿ0420 ಅನ್ನೋ ದೋಷದ ಕೋಡ್ ಬಂದ್ರೆ ಕ್ಯಾಟಲಿಸ್ಟ್ ಶಕ್ತಿ ಕಮ್ಮಿ ಆಗಿದೆ ಅಂತ. ಅದನ್ನ ನೋಡಿದ ತಕ್ಷಣ ಹೊಸ ಕ್ಯಾಟ್‌ಕಾನ್ ಹಾಕ್ಸಿ ಅನ್ನೋ ಗ್ಯಾರೇಜಿನವರಿದ್ದಾರೆ, ಸ್ವಲ್ಪ ತಡೀರಿ, ಮೊದಲು ಸೈಲೆನ್ಸರ್ ಪೈಪಲ್ಲಿ ಲೀಕ್ ಇದೆಯಾ ನೋಡಿಸಿ, ಸೆನ್ಸರ್ ಹಳೇದಾಗಿದೆಯಾ ನೋಡಿಸಿ, ಪಿ0300ರ ಸಾಲಿನ ಮಿಸ್‌ಫೈರ್ ಕೋಡ್ ಜೊತೆಗಿದ್ರೆ ಅದನ್ನ ಮೊದಲು ರಿಪೇರಿ ಮಾಡಿಸಿ, ಇಲ್ಲದಿದ್ರೆ ಹೊಸದೂ ಸುಟ್ಟೋಗತ್ತೆ.

ಟೂ ವೀಲರ್ ವಿಷ್ಯ. ಬೆಂಗಳೂರಿನ ಗಾಡಿಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಇವೇ. ಬೈಕಲ್ಲಿ ಕ್ಯಾಟ್‌ಕಾನ್ ಸೈಲೆನ್ಸರ್ ಒಳಗೋ ಬೆಂಡ್ ಪೈಪಲ್ಲೋ ಕೂತಿರತ್ತೆ. ಶಬ್ದಕ್ಕೋಸ್ಕರ ಕಂಪನಿ ಸೈಲೆನ್ಸರ್ ಬಿಚ್ಚಿ ಬೇರೆ ಹಾಕ್ಸಿದ್ರೆ ಎಷ್ಟೋ ಸಲ ಕ್ಯಾಟಲಿಸ್ಟೂ ಅದರ ಜೊತೆನೇ ಹೋಗಿಬಿಡತ್ತೆ, ಪೊಲೀಸಿನವರು ಹಿಡಿಯೋದು ಶಬ್ದಕ್ಕೆ, ಆದ್ರೆ ಹೊಗೆಯ ನಷ್ಟ ಅದಕ್ಕಿಂತ ದೊಡ್ಡದು. ದಯವಿಟ್ಟು ಮಾಡಿಸ್ಬೇಡಿ, ಮಾಡಿಸಿದ್ರೆ ಹಳೇ ಸೈಲೆನ್ಸರ್ ಗುಜರಿಗೆ ಹಾಕೋ ಮುಂಚೆ ವಾಪಸ್ ಫಿಟ್ ಮಾಡಿಸಿ. ಕಾರ್ಬ್ಯುರೇಟರ್ ಬೈಕ್ ಇರೋರಿಗೆ ಒಂದು ಮಾತು, ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಇಲ್ಲಿನ ಗಾಳಿ ಕರಾವಳಿಗಿಂತ ತೆಳು, ಮಂಗಳೂರಲ್ಲಿ ಟ್ಯೂನ್ ಮಾಡಿಸಿದ ಬೈಕ್ ಇಲ್ಲಿಗೆ ತಂದ್ರೆ ಪೆಟ್ರೋಲ್ ಸ್ವಲ್ಪ ಜಾಸ್ತಿ ಕುಡಿಯತ್ತೆ, ಸಿಒ, ಅಂದ್ರೆ ಕಾರ್ಬನ್ ಮಾನಾಕ್ಸೈಡ್, ಏರತ್ತೆ, ಒಂದು ಸಲ ಇಲ್ಲೇ ಟ್ಯೂನ್ ಮಾಡಿಸಿ. ಇಂಜೆಕ್ಷನ್ ಗಾಡಿಗೆ ಈ ತಲೆನೋವಿಲ್ಲ, ಅದು ತಾನೇ ಹೊಂದಿಸ್ಕೊಳ್ಳತ್ತೆ. ಏರ್ ಫಿಲ್ಟರ್ ಮಾತ್ರ ಎರಡಕ್ಕೂ, ಮೆಟ್ರೋ ಕೆಲಸ ನಡೆಯೋ ರಸ್ತೆಯಲ್ಲಿ ದಿನಾ ಓಡಾಡೋರು ಕಂಪನಿ ಹೇಳಿದ ಕಿಲೋಮೀಟರ್‌ಗಿಂತ ಮುಂಚೆನೇ ತೆಗೆಸಿ ನೋಡಿ.

ಡೀಸೆಲ್ ಬಗ್ಗೆ ಸ್ವಲ್ಪ ಉದ್ದ ಹೇಳ್ತೀನಿ, ಯಾಕಂದ್ರೆ ತೊಂದರೆ ಪಡೋರು ಜಾಸ್ತಿ ಇಲ್ಲೇ. 2020ರ ಏಪ್ರಿಲ್ 1ಕ್ಕೆ ನಾವು ಬಿಎಸ್-4ರಿಂದ ನೇರ ಬಿಎಸ್-6ಗೆ ಹಾರಿದ್ವಿ, ಇಂಧನದಲ್ಲಿರೋ ಗಂಧಕ 50 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 50) ಇಂದ 10ಕ್ಕೆ ಇಳೀತು, ಡೀಸೆಲ್ ಕಾರು ಒಂದು ಕಿಲೋಮೀಟರಿಗೆ ಬಿಡಬಹುದಾದ ಮಸಿ 25 ಮಿಲಿಗ್ರಾಂ ಇಂದ 4.5ಕ್ಕೆ ಇಳೀತು. ಅದು ಸಾಧ್ಯ ಆಗಿದ್ದು ಡಿಪಿಎಫ್ ಇಂದ, ಅಂದ್ರೆ ಮಸಿ ಹಿಡಿಯೋ ಫಿಲ್ಟರು, ಪ್ಯೂಜೋ ಕಂಪನಿ 2000ದಲ್ಲಿ 607 ಕಾರಿಗೆ ಹಾಕಿ ಶುರು ಮಾಡಿದ್ದು. ಈ ಫಿಲ್ಟರ್ ತುಂಬ್ತಾ ಬಂದಾಗ ಗಾಡಿ ತಾನೇ ಜಾಸ್ತಿ ಡೀಸೆಲ್ ಬಿಟ್ಟು ಹೊಗೆಯ ಬಿಸಿಯನ್ನ 600 ಡಿಗ್ರಿ ಹತ್ರ ತಂದು ಮಸಿ ಸುಟ್ಟು ಹಾಕತ್ತೆ, ರೀಜನರೇಷನ್ ಅಂತಾರೆ. ಅದಕ್ಕೆ ಗಾಡಿ ಒಂದೇ ಸ್ಪೀಡಲ್ಲಿ ಸ್ವಲ್ಪ ಹೊತ್ತು ಓಡ್ತಾ ಇರ್ಬೇಕು. ಮಾರತ್‌ಹಳ್ಳಿಯಿಂದ ಔಟರ್ ರಿಂಗ್ ರೋಡಲ್ಲಿ ಆಫೀಸಿಗೆ ಹೋಗಿ ಬರೋರಿಗೆ ಅಂಥ ಅವಕಾಶ ಎಲ್ಲಿ ಸಿಗತ್ತೆ ಹೇಳಿ, ಸುಡೋಕೆ ಶುರು ಆಗತ್ತೆ, ಅಷ್ಟರಲ್ಲಿ ಆಫೀಸ್ ಬಂತು, ಆಫ್.

ಗಾಡಿ ಈ ಕೆಲಸದಲ್ಲಿದೆ ಅಂತ ಗುರುತು ಹಿಡಿಯೋದು ಕಷ್ಟ ಇಲ್ಲ: ನಿಂತಾಗ ಆರ್‌ಪಿಎಂ ಸ್ವಲ್ಪ ಜಾಸ್ತಿ ಇರತ್ತೆ, ರೇಡಿಯೇಟರ್ ಫ್ಯಾನ್ ಜೋರಾಗಿ ತಿರುಗ್ತಿರತ್ತೆ, ಕಾದ ವಾಸನೆ ಬರತ್ತೆ, ಡಿಸ್‌ಪ್ಲೇಯಲ್ಲಿ ಮೈಲೇಜ್ ಇದ್ದಕ್ಕಿದ್ದ ಹಾಗೆ ಕೆಳಗೆ ಹೋಗತ್ತೆ. ಆಗ ಪಾರ್ಕಿಂಗಿಗೆ ಬಂದಿದ್ರೂ ಆಫ್ ಮಾಡದೇ ಇನ್ನೊಂದು ರೌಂಡ್ ಹೋಗಿ ಬನ್ನಿ. ಅರ್ಧಕ್ಕೇ ಆಫ್ ಆಗ್ತಾ ಹೋದ್ರೆ ಉರಿಯದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಇಳಿದು ಇಂಜಿನ್ ಆಯಿಲಿಗೆ ಸೇರೋ ಗಾಡಿಗಳಿವೆ. ತಿಂಗಳಿಗೊಂದು ಸಲ ಡಿಪ್‌ಸ್ಟಿಕ್ ತೆಗೆದು ನೋಡಿ, ಆಯಿಲ್ ಕಮ್ಮಿ ಆಗೋದು ಸಹಜ, ಮ್ಯಾಕ್ಸ್ ಗೆರೆ ದಾಟಿ ಮೇಲಕ್ಕೆ ಏರಿದೆ, ಮೂಗಿಗೆ ಹಿಡಿದ್ರೆ ಡೀಸೆಲ್ ವಾಸನೆ ಬರ್ತಿದೆ ಅಂದ್ರೆ ಆಯಿಲ್ ಬದಲಾಯಿಸ್ಲೇಬೇಕು. ಡಿಪಿಎಫ್ ಲೈಟ್ ಬಂದ್ರೆ ಅದೇ ವಾರ ನೈಸ್ ರೋಡೋ, ತುಮಕೂರು ರೋಡೋ, ಬೆಳಿಗ್ಗೆ ಬೇಗ ಏರ್‌ಪೋರ್ಟ್ ರೋಡೋ ಹಿಡೀರಿ, 60ರ ಮೇಲೆ, ಒಂದು ಗೇರ್ ಕಮ್ಮಿಯಲ್ಲಿ, 2000 ಆರ್‌ಪಿಎಂ ಮೇಲೆ ಇಟ್ಕೊಂಡು 15-20 ನಿಮಿಷ ನಿಲ್ಲಿಸದೇ ಓಡಿಸಿ. ಎಲೆಕ್ಟ್ರಾನಿಕ್ ಸಿಟಿ ಫ್ಲೈಓವರ್ ಸುಮಾರು 10 ಕಿಲೋಮೀಟರ್ ಅಷ್ಟೇ, ಅದೊಂದೇ ಸಾಲಲ್ಲ, ಅತ್ತಿಬೆಲೆ ಕಡೆ ಮುಂದುವರೀರಿ. ನಿಮ್ಮ ಗಾಡಿಯ ಮ್ಯಾನ್ಯುವಲಲ್ಲಿ ಬೇರೆ ಲೆಕ್ಕ ಇದ್ರೆ ಅದನ್ನೇ ಪಾಲಿಸಿ. ಆಯಿಲ್ ಹಾಕಿಸುವಾಗ ಬೂದಿ ಕಮ್ಮಿ ಇರೋ, ಮ್ಯಾನ್ಯುವಲಲ್ಲಿ ಹೇಳಿರೋ ಗ್ರೇಡೇ ಹಾಕಿಸಿ, ಯಾಕಂದ್ರೆ ಮಸಿ ಸುಡತ್ತೆ, ಆಯಿಲಿನ ಬೂದಿ ಸುಡಲ್ಲ, ಫಿಲ್ಟರಲ್ಲೇ ಉಳ್ಕೊಳ್ಳತ್ತೆ. ಓಡಾಟ ಎಲ್ಲಾ ಸಿಟಿ ಒಳಗೇ ಅನ್ನೋರು ಡೀಸೆಲ್ ಕಾರ್ ತಗೊಳ್ಳೋದೇ ಬೇಡ, ಇದು ನನ್ನ ಗಟ್ಟಿ ಅಭಿಪ್ರಾಯ.

ನೈಟ್ರೋಜನ್ ಆಕ್ಸೈಡ್ ಕಡಿಮೆ ಮಾಡೋಕೆ ಡೀಸೆಲಲ್ಲಿ ಮುಖ್ಯವಾಗಿ ಎರಡು ಉಪಾಯ. ಒಂದು ಇಜಿಆರ್, ಹೊಗೆಯಲ್ಲೇ ಸ್ವಲ್ಪ ಭಾಗ ವಾಪಸ್ ಇಂಜಿನ್ನಿಗೆ ಬಿಟ್ಟು ಉರಿಯೋ ಬಿಸಿ ಇಳಿಸೋದು. ಇದರ ವಾಲ್ವ್‌ಗೆ ಮಸಿ ಕಟ್ಕೊಳ್ಳತ್ತೆ, ಪಿ0401 ಕೋಡ್ ಬರತ್ತೆ, ಬಿಚ್ಚಿ ಕ್ಲೀನ್ ಮಾಡಿಸಿದ್ರೆ ಸುಮಾರು ಸಲ ಸರಿಹೋಗತ್ತೆ, ಪ್ಲೇಟ್ ಹೊಡೆದು ಮುಚ್ಚಿಬಿಡ್ತೀವಿ ಪಿಕಪ್ ಚೆನ್ನಾಗಿ ಬರತ್ತೆ ಅನ್ನೋರ ಮಾತು ಕೇಳ್ಬೇಡಿ. ಇನ್ನೊಂದು ಎಸ್‌ಸಿಆರ್, ಹೊಗೆಗೆ ಯೂರಿಯಾ ನೀರು ಸಿಂಪಡಿಸಿ ನೈಟ್ರೋಜನ್ ಆಕ್ಸೈಡನ್ನ ಬರೀ ನೈಟ್ರೋಜನ್ ಮಾಡೋದು, ಇದಕ್ಕೆ ಡಿಇಎಫ್ ಅನ್ನೋ ದ್ರವ ಹಾಕ್ಬೇಕು, ಆಡ್‌ಬ್ಲೂ ಅಂತ ಮಾರೋದೂ ಅದೇ, 32.5 ಶೇಕಡಾ ಶುದ್ಧ ಯೂರಿಯಾ, ಉಳಿದಿದ್ದು ಖನಿಜ ತೆಗೆದ ನೀರು. ಹೊಲಕ್ಕೆ ಹಾಕೋ ಯೂರಿಯಾ ಕರಗಿಸಿ ಹಾಕಿದ್ರೆ ಇಂಜೆಕ್ಟರು, ಕ್ಯಾಟಲಿಸ್ಟು ಎರಡೂ ಹೋಗತ್ತೆ. ಸೀಲ್ ಇರೋ ಕ್ಯಾನ್ ತಗೊಳ್ಳಿ, ಬಿಸಿಲಲ್ಲಿ ಇಡಬೇಡಿ, ನೀಲಿ ಮುಚ್ಚಳ ಇರೋ ಟ್ಯಾಂಕಿಗೆ ಹಾಕಿ. ಗೊತ್ತಿಲ್ಲದೇ ಯಾರಾದ್ರೂ ಡೀಸೆಲ್ ಟ್ಯಾಂಕಿಗೆ ಸುರಿದ್ರೆ ಕೀ ಆನ್ ಕೂಡ ಮಾಡ್ಬೇಡಿ, ಟೋ ಮಾಡಿಸಿ.

ಎಮಿಷನ್ ಟೆಸ್ಟ್. ಬಿಎಸ್-4, ಬಿಎಸ್-6 ಗಾಡಿಗೆ ಸರ್ಟಿಫಿಕೇಟ್ ಒಂದು ವರ್ಷ, ಅದಕ್ಕಿಂತ ಹಳೇದಕ್ಕೆ ಆರು ತಿಂಗಳು, ಹೊಸ ಗಾಡಿಗೆ ಮೊದಲ ವರ್ಷ ಬೇಡ. ಕಾಲು ಗಂಟೆ ಓಡಿಸಿ ಬಿಸಿ ಮಾಡ್ಕೊಂಡೇ ಹೋಗಿ, ಮನೆ ಪಕ್ಕದ ಬಂಕಿಗೆ ತಣ್ಣಗಿನ ಗಾಡಿ ತಗೊಂಡು ಹೋದ್ರೆ ಕ್ಯಾಟ್‌ಕಾನ್ ಇನ್ನೂ ಎದ್ದಿರಲ್ಲ. ಹೊಗೆ ಅಳೆಯೋ ಕೊಳವೆ, ಪ್ರೋಬ್, ಸೈಲೆನ್ಸರ್ ಒಳಗೆ ಸರಿಯಾಗಿ ಹೋಗಿದೆಯಾ ಇಳಿದು ನೋಡಿ, ಆಮೇಲೆ ಚೀಟಿಯಲ್ಲಿರೋ ನಂಬರ್ ಓದಿ, ನಾವು ಯಾರೂ ಓದಲ್ಲ, ಮಡಚಿ ಡ್ಯಾಶ್‌ಬೋರ್ಡಿಗೆ ಹಾಕ್ತೀವಿ. ಬಿಎಸ್-4 ಪೆಟ್ರೋಲ್ ಕಾರಿಗೆ ನಿಂತಲ್ಲೇ ಇಂಜಿನ್ ಓಡ್ತಿರುವಾಗ, ಅಂದ್ರೆ ಐಡಲ್‌ನಲ್ಲಿ ಸಿಒ 0.3 ಶೇಕಡಾ, ಹೈಡ್ರೋಕಾರ್ಬನ್ 200 ಪಿಪಿಎಂ ಮಿತಿ. ಸಿಒ ಜಾಸ್ತಿ ಬಂದ್ರೆ ಪೆಟ್ರೋಲ್ ಜಾಸ್ತಿ ಹೋಗ್ತಿದೆ, ಏರ್ ಫಿಲ್ಟರ್, ಇಂಜೆಕ್ಟರ್, ಆಕ್ಸಿಜನ್ ಸೆನ್ಸರ್ ನೋಡಿಸಿ. ಹೈಡ್ರೋಕಾರ್ಬನ್ ಜಾಸ್ತಿ ಅಂದ್ರೆ ಸರಿಯಾಗಿ ಉರೀತಿಲ್ಲ, ಪ್ಲಗ್, ಕಾಯಿಲ್, ವಾಲ್ವ್ ನೋಡಿಸಿ. ಎರಡೂ ಜಾಸ್ತಿ ಇದ್ರೆ ಕ್ಯಾಟ್‌ಕಾನ್ ಮೇಲೆ ಅನುಮಾನ. ಹೋದ ವರ್ಷದ ಚೀಟಿ ಪಕ್ಕದಲ್ಲಿಟ್ಟು ಹೋಲಿಸಿ, ಪಾಸ್ ಆಗಿದ್ರೂ ನಂಬರ್ ಏರ್ತಾ ಇದ್ರೆ ಈಗಲೇ ಎಚ್ಚರ ಆಗ್ಬಹುದು. ಈ ಟೆಸ್ಟಲ್ಲಿ ನೈಟ್ರೋಜನ್ ಆಕ್ಸೈಡ್ ಅಳೆಯೋದೇ ಇಲ್ಲ, ಹಾಗಾಗಿ ಇಜಿಆರ್ ಮುಚ್ಚಿಸಿದ ಗಾಡಿನೂ ಪಾಸ್ ಆಗತ್ತೆ, ಪಾಸ್ ಆಯ್ತು ಅಂತ ಎಲ್ಲಾ ಸರಿ ಇದೆ ಅಂದ್ಕೋಬೇಡಿ.

ಆನ್‌ಲೈನಲ್ಲಿ ಪೆಟ್ರೋಲ್ ಪೈಪಿಗೆ ಕಟ್ಟೋ ಅಯಸ್ಕಾಂತ, ಟ್ಯಾಂಕಿಗೆ ಹಾಕೋ ಗುಳಿಗೆ, ಹೈಡ್ರೋಜನ್ ಕಿಟ್ಟು ಅಂತೆಲ್ಲ ಮಾರ್ತಾರೆ. ಅಮೆರಿಕದ ಪರಿಸರ ಸಂಸ್ಥೆ ಇಪಿಎ ಇಂಥ ನೂರಕ್ಕೂ ಹೆಚ್ಚು ಪೆಟ್ರೋಲ್ ಉಳಿಸೋ ಸಾಧನಗಳನ್ನ ಪರೀಕ್ಷೆ ಮಾಡಿ ಹೇಳ್ಕೊಳ್ಳೋ ಹಾಗೆ ಮೈಲೇಜ್ ಹೆಚ್ಚಿಸೋದು ಒಂದೂ ಸಿಗ್ಲಿಲ್ಲ ಅಂದಿದೆ, ಆ ದುಡ್ಡಿಗೆ ಪ್ಲಗ್, ಫಿಲ್ಟರ್ ಬದಲಾಯಿಸಿ. ಹಾಗಂತ ಹೊಸ ಐಡಿಯಾ ಎಲ್ಲಾ ಸುಳ್ಳು ಅಂತಲ್ಲ, ನಮ್ಮ ಬೆಂಗಳೂರಿನ ಗ್ರಾವಿಕಿ ಲ್ಯಾಬ್ಸ್‌ನ ಅನಿರುದ್ಧ ಶರ್ಮಾ ಮತ್ತೆ ಅವರ ತಂಡ ಸೈಲೆನ್ಸರ್ ತುದಿಗೆ ಹಾಕೋ ಕಾಲಿಂಕ್ ಅನ್ನೋ ಸಾಧನ ಮಾಡಿ, ಅದರಲ್ಲಿ ಹಿಡಿದ ಮಸಿಯನ್ನ ಶುದ್ಧ ಮಾಡಿ ಏರ್-ಇಂಕ್ ಅಂತ ಬರೆಯೋ ಶಾಯಿ ಮಾಡಿದ್ರು, ಅದು ನಿಜವಾದ ಕೆಲಸ.

ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳೋರು ಇಷ್ಟು ನೋಡಿ. ಇಂಜಿನ್ ಪೂರ್ತಿ ತಣ್ಣಗಿರುವಾಗ ಕನ್ವರ್ಟರ್ ಡಬ್ಬಿಗೆ ಮುಷ್ಟಿಯಿಂದ ಮೆಲ್ಲಗೆ ಗುದ್ದಿ, ಗಲಗಲ ಅನ್ಬಾರದು. ಸೈಲೆನ್ಸರ್ ತುದಿ ಒಳಗೆ ಬೆರಳಾಡಿಸಿ, ಪೆಟ್ರೋಲ್ ಗಾಡಿಯಲ್ಲಿ ಜಿಡ್ಡು ಜಿಡ್ಡಾಗಿ ಕಪ್ಪು ಹತ್ತಿದ್ರೆ ಆಯಿಲ್ ಸುಡ್ತಿದೆ, ಬಿಎಸ್-6 ಡೀಸೆಲಲ್ಲಿ ಬೆರಳಿಗೆ ಮಸಿ ದಪ್ಪಗೆ ಹತ್ತಿದ್ರೆ ಡಿಪಿಎಫ್ ಒಡೆದಿದೆ ಇಲ್ಲಾ ಒಳಗಿನದನ್ನ ಕೊರೆದು ತೆಗೆದಿದ್ದಾರೆ. ಕೀ ಆನ್ ಮಾಡಿ, ಸ್ಟಾರ್ಟ್ ಮಾಡ್ಬೇಡಿ, ಚೆಕ್ ಇಂಜಿನ್ ಲೈಟ್ ಆ ಕ್ಷಣ ಹತ್ತಲೇಬೇಕು, ಹತ್ತದಿದ್ರೆ ಯಾರೋ ಕೈ ಆಡಿಸಿದ್ದಾರೆ. ಆಮೇಲೆ ಸ್ಕ್ಯಾನರ್ ಹಾಕಿ ರೆಡಿನೆಸ್ ಮಾನಿಟರ್ ಅನ್ನೋ ಪೇಜ್ ತೆಗೀರಿ, ಗಾಡಿ ತನ್ನ ಭಾಗಗಳನ್ನ ತಾನೇ ಪರೀಕ್ಷೆ ಮಾಡಿ ಮುಗಿಸಿದೆಯಾ ಅಂತ ಅದು ತೋರಿಸತ್ತೆ, ಕ್ಯಾಟಲಿಸ್ಟ್, ಆಕ್ಸಿಜನ್ ಸೆನ್ಸರ್ ಮುಂದೆ ಇನ್ನೂ ರೆಡಿ ಆಗಿಲ್ಲ ಅಂತ ತೋರಿಸಿದ್ರೆ ಕೋಡನ್ನ ಇತ್ತೀಚೆಗೆ ಅಳಿಸಿರ್ಬಹುದು ಅಥವಾ ಬ್ಯಾಟರಿ ಬಿಚ್ಚಿರ್ಬಹುದು. ಅಡ್ವಾನ್ಸ್ ಕೊಡ್ಬೇಡಿ, ಗಾಡಿ ನಾಲ್ಕೈದು ದಿನ ಓಡ್ಲಿ ಅಂತ ಹೇಳಿ ಆಮೇಲೆ ಹೋಗಿ ಮತ್ತೆ ಸ್ಕ್ಯಾನ್ ಮಾಡಿ.